ಯೀಸ್ಟ್ ಯಾವಾಗ ಹಾಕಬೇಕು? ವಿಜ್ಞಾನದ ಉತ್ತರ ಒಂದು, ಕಾನೂನಿನ ಉತ್ತರ ಇನ್ನೊಂದು

ಮನೆಯಲ್ಲಿ ಬಿಯರ್ ಮಾಡುವಾಗ ಯೀಸ್ಟ್ ಯಾವಾಗ ಹಾಕಬೇಕು? ಕೇಳೋಕೆ ಇದು ಅಡುಗೆಮನೆಯ ಪ್ರಶ್ನೆ. ಆದರೆ ಇದಕ್ಕೆ ತೀರಾ ಹತ್ತಿರದ ಪ್ರಶ್ನೆಯೊಂದರಲ್ಲಿ ನಮ್ಮ ರಾಜ್ಯದ ಇಬ್ಬರು ರೈತರು ಜೀವ ಕಳೆದುಕೊಂಡಿದ್ದಾರೆ.

ಮೊದಲು ವಿಜ್ಞಾನ ನೋಡೋಣ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಸುಮಾರು 65 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ನೆನೆಸಿಟ್ಟರೆ ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತೆ. ಸೋಸಿದ ಈ ಸಿಹಿ ನೀರಿಗೆ ವರ್ಟ್ ಅಂತಾರೆ. ಇದನ್ನು ಹಾಪ್ಸ್ ಜೊತೆ ಸುಮಾರು ಒಂದು ಗಂಟೆ ಕುದಿಸ್ತಾರೆ. ಆಗಲೇ ಯೀಸ್ಟ್ ಹಾಕಿದರೆ ಸತ್ತೇ ಹೋಗುತ್ತೆ. ಅದು ಉಪ್ಪಲ್ಲ, ಜೀವ. 30 ಡಿಗ್ರಿ ದಾಟಿದ ವರ್ಟ್‌ಗೆ ಹಾಕಿದರೆ ಸಾಯಲ್ಲ, ಆದರೆ ಸಾಮಾನ್ಯ ಯೀಸ್ಟ್ ಆ ಬಿಸಿಯಲ್ಲಿ ಕಟುವಾದ ವಾಸನೆ, ರುಚಿ ಬಿಡುತ್ತೆ. ಹಾಗಾಗಿ ಏಲ್ ಬಿಯರ್‌ಗೆ 18ರಿಂದ 20 ಡಿಗ್ರಿ, ಲಾಗರ್‌ಗೆ 10ರಿಂದ 12 ಡಿಗ್ರಿಗೆ ಇಳಿದ ಮೇಲೆ ಹಾಕಬೇಕು.

ಹಾಗಂತ ನಿಧಾನ ಮಾಡುವಂತಿಲ್ಲ. ಆರುತ್ತಿರುವ ಸಿಹಿ ನೀರು ಬ್ಯಾಕ್ಟೀರಿಯಾಗಳಿಗೂ ಹಬ್ಬದೂಟವೇ. ಪಾತ್ರೆಯನ್ನು ಐಸ್ ನೀರಲ್ಲಿಟ್ಟು ಬೇಗ ತಣಿಸಬೇಕು. ಬಸವಾಪಟ್ಟಣದಂಥ ನಮ್ಮೂರುಗಳಲ್ಲಿ ಏಪ್ರಿಲ್‌ನ ನಲ್ಲಿ ನೀರೇ ಬೆಚ್ಚಗಿರುತ್ತೆ. ಬೇಸಿಗೆಯಲ್ಲಿ ದೋಸೆ ಹಿಟ್ಟು ಎಷ್ಟು ಬೇಗ ಹುಳಿ ಬರುತ್ತೆ ಅಂತ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಕಾನೂನು. ಯೀಸ್ಟ್ ಬೀಳುವವರೆಗೂ ಅದು ಬಾರ್ಲಿ ಕಷಾಯ. ಬಿದ್ದು ಹುದುಗಿದರೆ ಮದ್ಯ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಸ್ವಂತಕ್ಕೆ ಅಂದರೂ ಬಿಡಲ್ಲ.

ನೀರಾ ಮತ್ತು ಹೆಂಡದ ನಡುವೆ ಇರುವುದೂ ಇದೇ ಗೆರೆ. ಅಲ್ಲಿ ಯೀಸ್ಟ್ ಯಾರೂ ಹಾಕಬೇಕಿಲ್ಲ, ಮರದಿಂದ ಇಳಿಯುವಾಗಲೇ ತಾನಾಗಿ ಸೇರುತ್ತೆ. ಈ ಕಾರಣಕ್ಕೆ ಸರ್ಕಾರ ಸಿಹಿ ನೀರಾವನ್ನೂ ಅನುಮಾನದಿಂದ ನೋಡಿತು. 2001ರಲ್ಲಿ, ತೆಂಗು ಬೆಳೆಗಾರರು ನುಸಿಪೀಡೆಯಿಂದ ಕಂಗೆಟ್ಟಿದ್ದ ಕಾಲದಲ್ಲಿ, ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ನೀರಾ ಹೋರಾಟದ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಸತ್ತರು. ತೆಂಗಿನ ನೀರಾ ಇಳಿಸಲು ಕಾನೂನು ದಾರಿ ಬಿಟ್ಟಿದ್ದು ಎಷ್ಟೋ ವರ್ಷಗಳ ನಂತರ, ಅದೂ ಪರವಾನಗಿಯ ಮೂಲಕ.

ಬ್ರಿಟನ್ 1963ರಲ್ಲೇ ಮನೆಬಳಕೆಯ ಬಿಯರ್‌ಗೆ ಪರವಾನಗಿ ಬೇಡ ಅಂದಿತು. 1978ರಲ್ಲಿ ಅಮೆರಿಕ, ಮಾರಬಾರದು ಎಂಬ ಷರತ್ತಿನ ಮೇಲೆ, ವಯಸ್ಕರೊಬ್ಬರಿಗೆ ವರ್ಷಕ್ಕೆ ಸುಮಾರು 378 ಲೀಟರ್‌ವರೆಗೆ ಒಕ್ಕೂಟದ ತೆರಿಗೆ ತೆಗೆಯಿತು. ನಮ್ಮಲ್ಲಿ? ಬಂಡವಾಳ ಇದ್ದವರು ಬೆಂಗಳೂರಲ್ಲಿ ಮೈಕ್ರೋಬ್ರೂವರಿ ತೆರೆಯಬಹುದು. ಉಳಿದವರಿಗೆ ದಾರಿಯಿಲ್ಲ.

ಕುಡಿತದ ಭಯ ಸುಳ್ಳಲ್ಲ. 2007ರ ಸಾರಾಯಿ ನಿಷೇಧವನ್ನು ಎಷ್ಟೋ ಹೆಣ್ಣುಮಕ್ಕಳು ಸ್ವಾಗತಿಸಿದ್ದು ಸುಮ್ಮನೆ ಅಲ್ಲ. ಆದರೆ 2008ರ ಮೇನಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿ ಭಾಗದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದದ್ದು ಮೆಥನಾಲ್ ಬೆರೆತ ಕಳ್ಳಭಟ್ಟಿ. ಬಾರ್ಲಿ ಹುದುಗಿದರೆ ಆ ವಿಷ ಹುಟ್ಟಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ಕಾನೂನು ಯಾರನ್ನು ಕಾಯುತ್ತಿದೆ?

ನನ್ನ ವಾದ ಇಷ್ಟೇ: ಪ್ರಮಾಣಕ್ಕೆ ಮಿತಿ ಹಾಕಿ, ಮಾರಾಟ ನಿಷೇಧಿಸಿ, ಮನೆಬಳಕೆಗೆ ಬಿಡಿ. ಅದಕ್ಕೂ ಮೊದಲು ನೀರಾ ರೈತನ ಪರವಾನಗಿ ಕೆಲಸವನ್ನು ಹಗುರ ಮಾಡಿ. ಅಲ್ಲಿಯವರೆಗೂ ಯೀಸ್ಟ್ ಹಾಕಲು ಥರ್ಮಾಮೀಟರ್ ಒಪ್ಪಿದರೆ ಸಾಲದು, ಅಬಕಾರಿ ಇಲಾಖೆಯೂ ಒಪ್ಪಬೇಕು.