ಒಡೆಯದ ಸಂಖ್ಯೆ

ಕಂದಿಕೆರೆಯ ನಮ್ಮ ತೋಟದಲ್ಲಿ ಕಾಯಿ ಕೆಡವಿದ ದಿನ ಎಣಿಸುವ ಕೆಲಸ ನನ್ನದು. ಚಿಕ್ಕವನಿದ್ದಾಗ ಎಣಿಸಿ ಸುಮ್ಮನಾಗದೆ ಸಾಲಾಗಿ ಜೋಡಿಸುತ್ತಿದ್ದೆ. 24 ಕಾಯಿ ಇದ್ದರೆ ಆರಾರರ ನಾಲ್ಕು ಸಾಲು, ಎಂಟೆಂಟರ ಮೂರು ಸಾಲು. 23 ಇದ್ದರೆ ಹೇಗೆ ಜೋಡಿಸಿದರೂ ಸಾಲು ಸಮ ಆಗುತ್ತಿರಲಿಲ್ಲ. 'ಉಳಿದಿದ್ದು ದೇವರಿಗೆ ಬಿಡಪ್ಪ' ಎನ್ನುತ್ತಿದ್ದರು ತಾತ. 1 ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಭಾಗವಾಗದ ಇಂಥ ಸಂಖ್ಯೆಗೆ ಅವಿಭಾಜ್ಯ ಎನ್ನುತ್ತಾರೆಂದು ಆಮೇಲೆ ಶಾಲೆಯಲ್ಲಿ ತಿಳಿಯಿತು.

ಅವಿಭಾಜ್ಯಗಳಿಗೆ ಕೊನೆಯೇ ಇಲ್ಲ ಎಂದು ಯೂಕ್ಲಿಡ್ ಸುಮಾರು 2,300 ವರ್ಷಗಳ ಹಿಂದೆಯೇ ಸಾಧಿಸಿದ್ದ. ಆದರೂ ಇನ್ನೂ ದೊಡ್ಡದಕ್ಕಾಗಿ ಹುಡುಕಾಟ ನಿಂತಿಲ್ಲ. 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಲ್ಯೂಕ್ ಡ್ಯುರಾಂಟ್ ಅಲ್ಲಿಯವರೆಗಿನ ದಾಖಲೆ ಮುರಿದರು. 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಆ ಸಂಖ್ಯೆ ಸಿಗುತ್ತದೆ. ಅದರಲ್ಲಿ 4,10,24,320 ಅಂಕಿಗಳಿವೆ. ಸೆಕೆಂಡಿಗೊಂದು ಅಂಕಿಯಂತೆ ಊಟ, ನಿದ್ದೆ ಬಿಟ್ಟು ಓದಿದರೂ 474 ದಿನ ದಾಟುತ್ತದೆ!

ಹೀಗೆ ಎರಡುಗಳ ಗುಣಲಬ್ಧದಲ್ಲಿ ಒಂದು ಕಳೆದು ಸಿಗುವ ಅವಿಭಾಜ್ಯಗಳಿಗೆ ಫ್ರಾನ್ಸಿನ ಸನ್ಯಾಸಿ ಮರ್ಸೆನ್ ಹೆಸರಿದೆ. 67 ಎರಡುಗಳನ್ನು ಗುಣಿಸಿ ಒಂದು ಕಳೆದದ್ದೂ ಅವಿಭಾಜ್ಯ ಎಂದು ಆತ 1644ರಲ್ಲಿ ಬರೆದಿದ್ದ. ಅಲ್ಲ ಎಂದು 1876ರಲ್ಲಿ ಲ್ಯೂಕಾಸ್ ತೋರಿಸಿದ. ಆದರೆ ಅದು ಯಾವುದರಿಂದ ಭಾಗವಾಗುತ್ತದೆ ಎಂದು ಅವನಿಗೂ ತಿಳಿದಿರಲಿಲ್ಲ. 1903ರಲ್ಲಿ ಫ್ರಾಂಕ್ ಕೋಲ್ ಉತ್ತರ ಕೊಟ್ಟ: 19,37,07,721 ಗುಣಿಸು 7,61,83,82,57,287. ಗುಣಿಸಿ ನೋಡಲು ನಮಗೆ ಒಂದು ಹಾಳೆ ಸಾಕು. ಒಡೆಯಲು 27 ವರ್ಷ ಬೇಕಾಯಿತು.

ಇದೆಲ್ಲ ನೆನಪಾಗಿದ್ದು ಕೊಬ್ಬರಿ ದುಡ್ಡು ತಾತನ ಖಾತೆಗೆ ಬಂದ ದಿನ. ಮೊಬೈಲ್‌ನಲ್ಲಿ ತೋರಿಸಿದರೆ ಅವರು ನಂಬಲಿಲ್ಲ. 'ಯಾರಾದ್ರೂ ಕದ್ರೆ?' ಎಂದರು. ಬೀಗದ ಕಥೆ ಹೇಳಿದೆ. ಆರ್‌ಎಸ್‌ಎ ಎಂಬ ವಿಧಾನದಲ್ಲಿ ಮುನ್ನೂರು ಅಂಕಿಗಳ ಆಸುಪಾಸಿನ ಎರಡು ಅವಿಭಾಜ್ಯಗಳನ್ನು ಗುಣಿಸುತ್ತಾರೆ. ಗುಣಲಬ್ಧವನ್ನು ಊರಿಗೆಲ್ಲ ಹೇಳಬಹುದು, ಆ ಎರಡು ಸಂಖ್ಯೆ ಮಾತ್ರ ಗುಟ್ಟು.

ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ಖಚಿತವಾಗಿ, ಅಂಕಿಗಳು ಹೆಚ್ಚಿದರೂ ಲೆಕ್ಕ ಕೈಮೀರದಂತೆ ಹೇಳುವ ದಾರಿಯನ್ನು 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್ ಮತ್ತು ಅವರ ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕಂಡುಹಿಡಿದರು. ಕಯಾಲ್ ಮುಂದೆ ನಮ್ಮ ಬೆಂಗಳೂರಿನಲ್ಲೇ ಸಂಶೋಧಕರಾದರು. ಅವರ ವಿಧಾನ ಅವಿಭಾಜ್ಯ ಅಲ್ಲ ಎಂದಷ್ಟೇ ಹೇಳುತ್ತದೆ, ಲ್ಯೂಕಾಸನಂತೆ. ಒಡೆದು ಕೊಡುವುದಿಲ್ಲ. ಹಾಗಾಗಿ ಬೀಗಕ್ಕೆ ಏನೂ ಆಗಲಿಲ್ಲ.

'ಆ ನಾಕು ಕೋಟಿ ಅಂಕಿದು ಯಾವ ಬೀಗಕ್ಕೆ?' ತಾತ ಕೇಳಿದರು. ಯಾವುದಕ್ಕೂ ಇಲ್ಲ, ಅದು ಹುಡುಕುವ ಖುಷಿಗೆ ಎಂದೆ.

'ಬೀಗ ಬೇಗ ಒಡೆಯೋ ದಾರಿನೇ ಇಲ್ಲ ಅಂತ ಗ್ಯಾರಂಟಿನಾ?'

ನಾನು ತಡವರಿಸಿದೆ. ಅದನ್ನು ಇನ್ನೂ ಯಾರೂ ಸಾಧಿಸಿಲ್ಲ. ಬಿ.ಎಸ್ಸಿ. ಗಣಿತ ಓದುವ ನನಗೆ ಇಷ್ಟು ಸರಿಯಾದ ಪ್ರಶ್ನೆಯನ್ನು ತರಗತಿಯಲ್ಲೂ ಯಾರೂ ಕೇಳಿರಲಿಲ್ಲ. ಇಲ್ಲ ತಾತ ಎಂದು ಒಪ್ಪಿಕೊಂಡೆ.

'ಹಂಗಾದ್ರೆ ನಡಿ, ಪಾಸ್‌ಬುಕ್ ಎಂಟ್ರಿ ಹಾಕಿಸ್ಕೊಂಡು ಬರಾಣ' ಎಂದು ತಾತ ಟವೆಲ್ ಹೆಗಲಿಗೆ ಹಾಕಿಕೊಂಡರು. ನಾನು ಬೈಕ್ ತೆಗೆದೆ.