ದನದ ಹೊಟ್ಟೆಯಲ್ಲಿ ಶಕ್ತಿಯ ಲೆಕ್ಕ

ಅಮೆರಿಕದಲ್ಲಿ ಮಾಂಸಕ್ಕಾಗಿ ಸಾಕುವ ದನಗಳ ಆಹಾರಕ್ಕೆ ಮೊನೆನ್ಸಿನ್ ಎಂಬ ವಸ್ತುವನ್ನು ಬೆರೆಸಲು 1975ರಲ್ಲಿ ಅನುಮತಿ ದೊರೆಯಿತು. ಇದನ್ನು ತಯಾರಿಸುವುದು ಸ್ಟ್ರೆಪ್ಟೊಮೈಸಿಸ್ ಕುಲದ ಒಂದು ಬ್ಯಾಕ್ಟೀರಿಯ. ದನವೊಂದಕ್ಕೆ ದಿನಕ್ಕೆ ಅರ್ಧ ಗ್ರಾಮ್ ಕೂಡ ಹಾಕುವುದಿಲ್ಲ; ಪೋಷಕಾಂಶವೆಂಬುದು ಅದರಲ್ಲಿಲ್ಲ. ಆದರೂ ಅಷ್ಟೇ ತೂಕ ಗಳಿಸಲು ದನಕ್ಕೆ ಮೊದಲಿಗಿಂತ ಕಡಿಮೆ ಮೇವು ಸಾಕಾಗುತ್ತದೆ. ಹಾಗಾದರೆ ಶಕ್ತಿ ಬಂದದ್ದೆಲ್ಲಿಂದ?

ದನದ ಜಠರದ ಮೊದಲ ಕೋಣೆಯಾದ ರೂಮೆನ್ ನೂರು ಲೀಟರಿಗೂ ಮಿಗಿಲಾದ ಹುದುಗುವ ತೊಟ್ಟಿ. ಉಷ್ಣತೆ ಸುಮಾರು 39 ಡಿಗ್ರಿ ಸೆಲ್ಸಿಯಸ್. ಆಕ್ಸಿಜನ್ ಇಲ್ಲವೆನ್ನುವಷ್ಟು ಕಡಿಮೆ. ಇಲ್ಲಿನ ಸೂಕ್ಷ್ಮಜೀವಿಗಳು ಸೆಲ್ಯುಲೋಸ್ ಮತ್ತು ಪಿಷ್ಟವನ್ನು ಗ್ಲೂಕೋಸ್ ಆಗಿ ಒಡೆದು, ಅದನ್ನು ಆಮ್ಲಗಳಾಗಿ ಮಾರ್ಪಡಿಸುತ್ತವೆ. ದನ ಹೀರಿಕೊಳ್ಳುವುದು ಮುಖ್ಯವಾಗಿ ಈ ಆಮ್ಲಗಳನ್ನು.

ಒಂದು ಮೋಲ್ ಗ್ಲೂಕೋಸನ್ನು ದಹಿಸಿದರೆ ಸುಮಾರು 2800 ಕಿಲೋಜೌಲ್ ಶಕ್ತಿ ದೊರೆಯುತ್ತದೆ. ಅದು ಎರಡು ಮೋಲ್ ಅಸಿಟಿಕ್ ಆಮ್ಲವಾದರೆ ಆಮ್ಲದಲ್ಲಿ ಉಳಿಯುವುದು 1750 ಕಿಲೋಜೌಲ್ ಮಾತ್ರ. ಜೊತೆಗೆ ನಾಲ್ಕು ಮೋಲ್ ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಆರ್ಕಿಯಾ ಎಂಬ ಜೀವಿಗಳು ಈ ಹೈಡ್ರೋಜನನ್ನು ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿಸಿ ಮೀಥೇನ್ ಮಾಡುತ್ತವೆ. ದನ ಅದನ್ನು ತೇಗಿ ಹೊರಹಾಕುತ್ತದೆ. ಅದೇ ಗ್ಲೂಕೋಸ್ ಎರಡು ಮೋಲ್ ಪ್ರೊಪಿಯಾನಿಕ್ ಆಮ್ಲವಾದರೆ? ಸುಮಾರು 3050 ಕಿಲೋಜೌಲ್! ಇದನ್ನು ತರಗತಿಯಲ್ಲಿ ಕೇಳಿ ನೋಡಿ: ಶಕ್ತಿ ಸಂರಕ್ಷಣಾ ನಿಯಮ ಮುರಿಯಿತೆ? ಇಲ್ಲ. ಈ ಕ್ರಿಯೆ ಎರಡು ಮೋಲ್ ಹೈಡ್ರೋಜನನ್ನು, ಎಂದರೆ ಸುಮಾರು 570 ಕಿಲೋಜೌಲನ್ನು, ಒಳಗೆಳೆದುಕೊಳ್ಳುತ್ತದೆ. ಮೀಥೇನ್ ಆಗಿ ಹೋಗಬಹುದಾಗಿದ್ದ ಹೈಡ್ರೋಜನ್ ಅದು.

ಮೊನೆನ್ಸಿನ್ ಮಾಡುವುದು ಹೈಡ್ರೋಜನ್ನಿನ ದಾರಿ ಬದಲಿಸುವ ಕೆಲಸ. ಇದರ ಅಣು ಸೋಡಿಯಮ್ ಅಯಾನನ್ನು ಸುತ್ತುವರಿದು, ಅಯಾನುಗಳು ತಾವಾಗಿ ದಾಟಲಾರದ ಜೀವಕೋಶದ ಪೊರೆಯನ್ನು ದೋಣಿಯಂತೆ ದಾಟಿಸುತ್ತದೆ. ಒಳನುಗ್ಗಿದ ಅಯಾನುಗಳನ್ನು ಹೊರದೂಡುವುದರಲ್ಲೇ ಬ್ಯಾಕ್ಟೀರಿಯದ ಶಕ್ತಿ ವ್ಯಯವಾಗುತ್ತದೆ. ಹೊರಪೊರೆಯ ರಕ್ಷಣೆಯಿಲ್ಲದ ಗ್ರಾಮ್ ಪಾಸಿಟಿವ್ ಬಗೆಯವು ಹೆಚ್ಚಾಗಿ ಸೊರಗುತ್ತವೆ. ಹೈಡ್ರೋಜನ್ ಬಿಡುವ ಹಲವು ಬ್ಯಾಕ್ಟೀರಿಯಗಳು ಈ ಗುಂಪಿನವು. ಪ್ರೊಪಿಯಾನಿಕ್ ಆಮ್ಲದ ಹಾದಿಯವು ಮೇಲುಗೈ ಪಡೆಯುತ್ತವೆ.

ಹಾಗೆಂದು ಇದನ್ನು ಭೂತಾಪಕ್ಕೆ ಮದ್ದೆನ್ನುವುದು ಉತ್ಪ್ರೇಕ್ಷೆ. ಮೀಥೇನ್ ಇಳಿಕೆ ಸಾಧಾರಣ. ಕೆಲವು ಪ್ರಯೋಗಗಳಲ್ಲಿ ವಾರಗಳ ನಂತರ ಅದೂ ಮಾಯವಾಗಿದೆ. ಬ್ಯಾಕ್ಟೀರಿಯಗಳು ಪ್ರತಿಜೈವಿಕಗಳಿಗೆ ಬಗ್ಗದಂತಾಗುವ ಭೀತಿಯಿಂದ ಯುರೋಪಿಯನ್ ಒಕ್ಕೂಟ 2006ರ ಜನವರಿ 1ರಿಂದ ಬೆಳವಣಿಗೆಗಾಗಿ ಇದನ್ನು ಮೇವಿಗೆ ಬೆರೆಸುವುದನ್ನು ನಿಷೇಧಿಸಿತು.

ಈ ದೋಣಿಗೆ ಬ್ಯಾಕ್ಟೀರಿಯದ ಪೊರೆಯೂ ಒಂದೇ, ಕುದುರೆಯ ಹೃದಯಸ್ನಾಯುವಿನ ಪೊರೆಯೂ ಒಂದೇ. ದೇಹತೂಕದ ಕಿಲೋಗ್ರಾಮಿಗೆ 2-3 ಮಿಲಿಗ್ರಾಂ ಸೇರಿದರೆ ಕುದುರೆ ಸಾಯಬಹುದು. ಹೀಗಾಗಿ ದನದ ಆಹಾರ ಬೆರೆಸಿದ ಯಂತ್ರವನ್ನು ಶುಚಿಗೊಳಿಸದೆ ಅದರಲ್ಲಿ ಕುದುರೆಯ ಆಹಾರ ಬೆರೆಸುವಂತಿಲ್ಲ.