ಸೂಜಿಗೆ ಬಗ್ಗದ ಕೆಮ್ಮು: ಮೊದಲು ಉಸಿರು ಎಣಿಸಿ!

ಕೊಟ್ಟೂರು: ಬಸ್ ನಿಲ್ದಾಣದಲ್ಲಿ ಒಬ್ಬರಲ್ಲ ಒಬ್ಬರು ಕೆಮ್ಮುವ ಕಾಲ ವರ್ಷಕ್ಕೆ ಎರಡು ಸಾರಿ ಬರುತ್ತದೆ. ಫ್ಲೂ ಜ್ವರ ನಮ್ಮ ದೇಶದಲ್ಲಿ ಜನವರಿಯಿಂದ ಮಾರ್ಚಿವರೆಗೆ ಒಮ್ಮೆ, ಮಳೆಗಾಲದ ಕೊನೆಗೆ ಇನ್ನೊಮ್ಮೆ ಏರುತ್ತದೆ. ಮೊದಲನೆಯ ಸುಗ್ಗಿಗೆ ಸರಿಯಾಗಿ ಮೈಲಾರದ ಕಾರಣಿಕ, ಕೊಟ್ಟೂರೇಶ್ವರನ ತೇರು. ಜನಕ್ಕೆ ಜನ ತಾಗುವ ಹೊತ್ತು.

ಆಗ ಮೆಡಿಕಲ್ ಶಾಪಿನ ಮುಂದೆ ಕೇಳುವ ಮಾತು ಕೂಡ್ಲಿಗಿಯಲ್ಲೂ ಅದೇ, ಹಡಗಲಿಯಲ್ಲೂ ಅದೇ. "ಕೂಸಿಗೆ ಎದಿ ಗುರ್‌ಗುರ್ ಅಂತೈತ್ರಿ, ಒಂದು ಸ್ಟ್ರಾಂಗ್ ಔಷಧ ಕೊಡ್ರಿ." ಮೂರು ದಿನದ ಆಂಟಿಬಯೋಟಿಕ್ ಕಟ್ಟಿಸಿಕೊಂಡು ಊರಿಗೆ ಹೋಗುವುದು. ಇಳಿಯದಿದ್ದರೆ ಒಂದು ಸೂಜಿ. ನಾಲ್ಕನೆಯ ದಿನ ತುಟಿ ನೀಲಿಗಟ್ಟಿದಾಗ ಕಾರು ಹುಡುಕುವ ಓಡಾಟ!

ಕಳ್ಳ ಯಾರು?

ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ವೈರಸ್ಸಿಗೆ ಅದು ನಾಟುವುದಿಲ್ಲ. ಆಸ್ಪತ್ರೆ ಸೇರುವ ಎದೆ ಕಾಯಿಲೆಯವರಲ್ಲಿ ವೈರಸ್ಸಿನ ಪಾಲು ಸಣ್ಣದಲ್ಲ. ಬಾಂಗ್ಲಾದೇಶ, ಥಾಯ್ಲೆಂಡ್ ಸೇರಿದಂತೆ ಏಷ್ಯಾ ಮತ್ತು ಆಫ್ರಿಕಾದ 7 ದೇಶಗಳಲ್ಲಿ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ 5 ವರ್ಷದೊಳಗಿನ ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. 100ರಲ್ಲಿ ಸುಮಾರು 61 ಪ್ರಕರಣಗಳಿಗೆ ವೈರಸ್, 27ಕ್ಕೆ ಬ್ಯಾಕ್ಟೀರಿಯಾ ಕಾರಣ ಎಂದು ಅದು ಅಂದಾಜು ಮಾಡಿತು. ಆರ್‌ಎಸ್‌ವಿ ಎಂಬ ಒಂದೇ ವೈರಸ್ಸಿನ ಪಾಲು 31.

ಈ ವೈರಸ್ ಮೂಗಿನಿಂದ ಇಳಿದು ಶ್ವಾಸಕೋಶದ ಸಣ್ಣ ಕೊಳವೆಗಳಿಗೆ ಹೊಕ್ಕುತ್ತದೆ. ಒಳಪದರ ಊದಿ, ಕಫ ಕಟ್ಟುತ್ತದೆ. ದೊಡ್ಡವರಿಗೆ ಕೆಮ್ಮಾಗಿ ಕಳೆಯುವುದು ಕೂಸಿನ ಎಳೆ ಕೊಳವೆಯನ್ನು ಮುಚ್ಚಿಬಿಡಬಹುದು. ಮುದುಕರಿಗೆ, ದಮ್ಮು, ಸಕ್ಕರೆ ಕಾಯಿಲೆ ಇದ್ದವರಿಗೆ ಫ್ಲೂ ಮತ್ತು ಕೋವಿಡ್ ಇದೇ ದಾರಿಯಲ್ಲಿ ಅಪಾಯ ತರುತ್ತವೆ.

2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಹಸುಗೂಸುಗಳಲ್ಲಿ ಎಚ್‌ಎಂಪಿವಿ ಕಂಡಾಗ ಹೊಸ ಮಾರಿ ಬಂತೆಂದು ಗುಲ್ಲೆದ್ದಿತು. ಆ ವೈರಸ್ಸನ್ನು ನೆದರ್ಲೆಂಡಿನಲ್ಲಿ 2001ರಲ್ಲೇ ಗುರುತಿಸಿದ್ದರು. ಎರಡೂ ಕೂಸುಗಳು ನ್ಯುಮೋನಿಯಾ ಎಂದು ಆಸ್ಪತ್ರೆ ಸೇರಿದ್ದವು. ಪರೀಕ್ಷೆ ಮಾಡಿದ್ದರಿಂದ ಹೆಸರು ತಿಳಿಯಿತು, ಅಷ್ಟೆ.

ಗಡಿಯಾರ ಸಾಕು

ಹೆಚ್ಚಿನ ವೈರಸ್ಸುಗಳಿಗೆ ನೇರ ಮದ್ದಿಲ್ಲ. ಫ್ಲೂಗೆ ಇರುವ ಗುಳಿಗೆಯನ್ನೂ ಮೊದಲ ಎರಡು ದಿನದಲ್ಲಿ ಶುರು ಮಾಡಿದರೇ ಚೆನ್ನಾಗಿ ಕೆಲಸ ಮಾಡುವುದು. ವೈರಸ್ಸಿನ ಬೆನ್ನಿಗೆ ಬ್ಯಾಕ್ಟೀರಿಯಾ ಸೇರುವುದೂ ಉಂಟು. ಆಗ ಆಂಟಿಬಯೋಟಿಕ್ ಬೇಕೇ ಬೇಕು. ಅದನ್ನು ಹೇಳಬೇಕಾದವರು ಡಾಕ್ಟರು, ಅಂಗಡಿಯವರಲ್ಲ. ಉಸಿರು ಸೋತವರನ್ನು ಉಳಿಸುವುದು ಆಮ್ಲಜನಕ. 2021ರ ಮೇನಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಎದುರಿಗೆ ತಾತ್ಕಾಲಿಕ ಆಸ್ಪತ್ರೆ ಎದ್ದು ನಿಂತದ್ದು ಈ ಆಮ್ಲಜನಕಕ್ಕಾಗಿಯೇ.

ಆಮ್ಲಜನಕ ಯಾವಾಗ ಬೇಕೆಂಬ ಸುಳಿವು ಮನೆಯಲ್ಲೇ ಸಿಗುತ್ತದೆ. ಮಗು ಅಳದೆ ಸುಮ್ಮನಿದ್ದಾಗ ಅಂಗಿ ಎತ್ತಿ, ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿರಿ. 2 ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟಕ್ಕೆ ಮುಟ್ಟಿದರೆ ಅಥವಾ ಮೀರಿದರೆ ಅಂದೇ ಡಾಕ್ಟರಿಗೆ ತೋರಿಸಬೇಕು. ಪಕ್ಕೆ ಒಳಗೆ ಸೆಳೆದರೆ, ಹಾಲು ಬಿಟ್ಟರೆ, ತುಟಿ ನೀಲಿಯಾದರೆ ಬಸ್ಸಿಗೆ ಕಾಯುವಂತಿಲ್ಲ. 108ಕ್ಕೆ ಫೋನ್ ಮಾಡಬೇಕು. ದೊಡ್ಡವರು ಮಾತಾಡುವಾಗಲೇ ಏದುಸಿರು ಬಿಟ್ಟರೂ ಅಷ್ಟೇ.

ಹಗರಿಬೊಮ್ಮನಹಳ್ಳಿಯಿಂದ ಬಳ್ಳಾರಿ ದೂರ. ಹರಪನಹಳ್ಳಿಯವರಿಗೆ ದಾವಣಗೆರೆಯೇ ಹತ್ತಿರ. ಯಾವ ದಿಕ್ಕಿಗೆ ಹೋದರೂ ದಾರಿಯ ಹೊತ್ತನ್ನು ಕಡಿಮೆ ಮಾಡಲಾಗದು. ಆದರೆ ಮನೆಯಲ್ಲಿ ಗುಳಿಗೆ ನಂಬಿ ಕೂತ ಮೂರು ದಿನವನ್ನು ಉಳಿಸಬಹುದು.

"ಏ, ಬರೀ ಕೆಮ್ಮು ಬಿಡ್ರಿ" ಅನ್ನುವ ಮೊದಲು ಗಡಿಯಾರದ ಮುಳ್ಳು ಒಂದು ಸುತ್ತು ತಿರುಗಲಿ.